ಚಿನ್ನದ ಕರಾವಳಿಯ ಕ್ರೈಸ್ತ ಸಭೆಗಳು

ಬಾಸೆಲ್ ಮಿಶನ್ ಎಂಬ ಹೆಸರನ್ನು ಕೇಳಿದ ಕೂಡಲೆ ನಮ್ಮ ಸೀಮೆಯ ಜನರ ಮನಸ್ಸಿಗೆ ಹಂಚಿನ ಕಾರ್ಖಾನೆ, ನೆಯ್ಗೆಯ ಮಗ್ಗಗಳು, ಮಂಗಳೂರಿನ ಅಚ್ಚುಕೂಟ, ಕಿಟ್ಟೆಲ್ ಪಾದ್ರಿಗಳ ನಿಘಂಟು, ಇವುಗಳೇ ಬರುತ್ತವೆ. ಆದರೆ ೧೮೩೪ರಲ್ಲಿ ಈ ಸಂಘದವರು ಮಂಗಳೂರಿನಲ್ಲಿ ಬಂದಿಳಿಯುವದಕ್ಕೆ ಸುಮಾರು ಆರು ವರ್ಷ ಮುಂಚೆಯೇ ಮತ್ತೊಂದು ಕರಾವಳಿಯಲ್ಲಿ ಇಳಿದಿದ್ದರೆಂಬದೂ, ಅಲ್ಲಿಯ ಸಭೆಯು ನಮ್ಮ ಸಭೆಗೆ ಅಕ್ಕನ ಸ್ಥಾನದಲ್ಲಿದೆಯೆಂಬದೂ ನಮ್ಮಲ್ಲಿ ಅನೇಕರಿಗೆ ತಿಳಿಯದು. ಆ ಕರಾವಳಿಯು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಚಿನ್ನದ ಕರಾವಳಿ. ೧೯೫೭ರ ಮಾರ್ಚ್ ೬ರಂದು ಬ್ರಿಟಿಷರಿಂದ ಸ್ವತಂತ್ರವಾದ ಮೇಲೆ ಆ ದೇಶಕ್ಕೆ ಘಾನಾ ಎಂದು ಹೆಸರಾಯಿತು. ನಮ್ಮ ಶಾಲೆಯ ಈ ಸ್ಮರಣ ಸಂಚಿಕೆಯಲ್ಲಿ ಆ ಅಕ್ಕನ ಮನೆಯ ವಿಷಯವನ್ನು ಸ್ವಲ್ಪ ಹೇಳೋಣವೆಂದು ನಾವು ಮನಸ್ಸು ಮಾಡಿದ್ದೇವೆ.

ಭೂಗೋಲದ ಪಾಠದಲ್ಲಿ ಈ ದೇಶವು ಬಂದಾಗಲೆಲ್ಲ ವಿದ್ಯಾರ್ಥಿನಿಯರು, ಅಲ್ಲಿಗೆ ಸುವಾರ್ತೆಯನ್ನು ಒಯ್ದವರು ಯಾರು, ಎಂದು ಕೇಳುವದುಂಟು. ನಾವೂ ನಮ್ಮ ಬಾಲ್ಯದಲ್ಲಿ ಕಲಿತಂತೆ ಎರಡು ಮೂರು ಯೂರೋಪಿಯನರ ಹೆಸರುಗಳನ್ನು ಹೇಳಿ ಬಹುಕಾಲ ಈ ಪ್ರಶ್ನೆಯನ್ನು ಮುಗಿಸಿಬಿಡುತ್ತಿದ್ದೆವು. ಹಾಗೆ ಮುಗಿಸುವದು ಸರಿಯಲ್ಲವೆಂದು ಈಗ ನಮಗೆ ನಿಶ್ಚಯವಾಗಿದೆ. ಯಾಕಂದರೆ ಆ ಹೆಸರುಗಳಲ್ಲಿ ಒಂದಾದರೂ ಹೆಂಗಸಿನ ಹೆಸರಿರಲಿಲ್ಲ, ಕಪ್ಪು ಜನರ ಹೆಸರಂತೂ ಇರಲೇ ಇಲ್ಲ.

ಮೊದಲು ಒಂದು ಕಹಿಯಾದ ಸಂಗತಿಯನ್ನು ಹೇಳಬೇಕು. ಪೋರ್ಚುಗೀಸರು ೧೪೮೨ರಲ್ಲಿ ಎಲ್ಮೀನಾ ಎಂಬಲ್ಲಿ ಕೋಟೆಯನ್ನು ಕಟ್ಟಿದಾಗಲೇ ಅಲ್ಲಿ ದೇವಾರಾಧನೆಯೂ ಪ್ರಾರಂಭವಾಯಿತು. ಅವರ ಬಳಿಕ ಡಚ್ಚರು, ಡೇನರು, ಇಂಗ್ಲಿಷರು ಬಂದು ಸಾಲಾಗಿ ಕೋಟೆಗಳನ್ನು ಕಟ್ಟಿದರು. ಈ ಕೋಟೆಗಳೊಳಗೆ ವ್ಯಾಪಾರದ ಮುಖ್ಯ ಸರಕು ಚಿನ್ನವು ಹೋಗಿ ಮನುಷ್ಯರೇ ಆದರು. ಕೇಪ್ ಕೋಸ್ಟ್ ಕೋಟೆಯಲ್ಲಿ ಗಂಡಸರಾದ ಗುಲಾಮರನ್ನು ಕೂಡಿಹಾಕುತ್ತಿದ್ದ ನೆಲಮಾಳಿಗೆಯ ಮೇಲ್ಗಡೆಯೇ ಪ್ರಾರ್ಥನೆಯ ಸ್ಥಳವಿತ್ತು. ಮೇಲೆ ಕೀರ್ತನೆ, ಕೆಳಗೆ ಸರಪಳಿ. ಅದೇ ಕೋಟೆಯಲ್ಲಿ ಫಿಲಿಪ್ ಕ್ವಾಕೊ ಎಂಬ ಫಾಂಟೆ ಜಾತಿಯವನು ಶಾಲೆಯನ್ನು ನಡಿಸಿದನು. ಬಾಲ್ಯದಲ್ಲಿಯೇ ಇಂಗ್ಲೆಂಡಿಗೆ ಕಳುಹಿಸಲ್ಪಟ್ಟು ೧೭೬೫ರಲ್ಲಿ ಅಂಗ್ಲಿಕನ್ ಸಭೆಯ ದೀಕ್ಷೆಯನ್ನು ಹೊಂದಿದ ಮೊದಲನೆಯ ಆಫ್ರಿಕದವನು ಇವನೇ. ೧೮೧೬ರಲ್ಲಿ ಮರಣಹೊಂದುವ ತನಕ ಸುಮಾರು ಐವತ್ತು ವರ್ಷ ಇವನು ಆ ಕೋಟೆಯಲ್ಲಿಯೇ ಇದ್ದನು. ಇಷ್ಟು ದೀರ್ಘಕಾಲದ ಕೆಲಸದಿಂದ ಬಂದ ಫಲವು ಅತಿ ಸ್ವಲ್ಪ. ಗುಲಾಮರ ಕೋಟೆಯಲ್ಲಿ ನಿಂತು ಹೇಳಿದ ಸುವಾರ್ತೆಯನ್ನು ಹೊರಗಿನ ಜನರು ಹೇಗೆ ನಂಬಿಯಾರು?

ಬಾಸೆಲಿನವರು ಬಂದದ್ದು ೧೮೨೮ರ ಡಿಸೆಂಬರಿನಲ್ಲಿ. ಡೇನರ ಅಧೀನವಿದ್ದ ಕ್ರಿಶ್ಚಿಯನ್ಸ್‌ಬೋರ್ಗ್ ಎಂಬಲ್ಲಿ ನಾಲ್ವರು ಯೌವನಸ್ಥರು ಇಳಿದರು. ಒಂದು ವರ್ಷ ತುಂಬುವ ಮೊದಲೇ ಮೂವರನ್ನು ಮಣ್ಣು ಮಾಡಬೇಕಾಯಿತು. ನಾಲ್ಕನೆಯವನು ೧೮೩೧ರಲ್ಲಿ ತೀರಿಕೊಂಡನು. ೧೮೩೨ರಲ್ಲಿ ಮತ್ತೆ ಮೂವರು ಬಂದರು. ಅವರಲ್ಲೊಬ್ಬ ವೈದ್ಯನೂ ಇದ್ದನು. ಎಲ್ಲರಿಗಿಂತ ಮೊದಲು ಆ ವೈದ್ಯನೇ ಸತ್ತನು, ಅವನ ಹಿಂದೆಯೇ ಇನ್ನೊಬ್ಬನು. ಉಳಿದವನು ಆಂದ್ರೆಯಾಸ್ ರೀಸ್ ಎಂಬವನೊಬ್ಬನೇ. ಇವನು ಜ್ವರದಿಂದ ಸಾಯುವಂತಿದ್ದಾಗ ಆ ಊರಿನ ಗಿಡಮೂಲಿಕೆಯ ವೈದ್ಯನೊಬ್ಬನು ಔಷಧಕೊಟ್ಟು ಬದುಕಿಸಿದನೆಂದು ಹೇಳುತ್ತಾರೆ. ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆಂಬ ಜ್ಞಾನವು ಆಗ ಯಾರಿಗೂ ಇರಲಿಲ್ಲ. ರೀಸನು ೧೮೩೫ರಲ್ಲಿ ಕರಾವಳಿಯನ್ನು ಬಿಟ್ಟು ಗುಡ್ಡದ ಮೇಲಿನ ಅಕ್ರೊಪಾಂಗ್ ಎಂಬ ಊರಿಗೆ ಹೋಗಿ, ಅಲ್ಲಿಯ ಅರಸನಾದ ಅಡೊ ದಂಕ್ವನ ಅಪ್ಪಣೆಯಿಂದ ಮನೆ ಕಟ್ಟಿಸಿಕೊಂಡು ನೆಲಸಿದನು. ಜನರು ಇವನಿಗೆ ‘ಮನೆ ಕಟ್ಟುವವ’ ಎಂಬ ಅರ್ಥದ ಹೆಸರಿಟ್ಟರು. ಮನೆ ಎದ್ದಿತು, ಆದರೆ ಸಭೆ ಏಳಲಿಲ್ಲ. ಮೊದಲನೆಯ ಹನ್ನೆರಡು ವರ್ಷಗಳ ಲೆಕ್ಕವನ್ನು ತೆಗೆದರೆ ಗೋರಿಗಳು ಹೆಚ್ಚು, ಸ್ನಾನದೀಕ್ಷೆ ಹೊಂದಿದವರು ಯಾರೂ ಇಲ್ಲವೆನ್ನುವಷ್ಟು.

ರೀಸನು ಬೇಸತ್ತು ಊರಿಗೆ ಹೊರಟಾಗ ಅರಸನು, ಬಿಳಿಯರ ಗ್ರಂಥವನ್ನು ಓದಬಲ್ಲ ಕಪ್ಪು ಮನುಷ್ಯರನ್ನು ತೋರಿಸಿದರೆ ನಾವು ನಂಬೇವು, ಎಂಬರ್ಥದ ಮಾತನ್ನು ಆಡಿದನೆಂದು ಅಲ್ಲಿಯ ಸಭೆಗಳಲ್ಲಿ ಈಗಲೂ ಹೇಳುತ್ತಾರೆ. ಹಾಗೆ ಓದಬಲ್ಲವರು ಎಲ್ಲಿ ಸಿಕ್ಕುವರು? ಸಮುದ್ರದ ಆಚೆ, ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ. ಈ ಕರಾವಳಿಯಿಂದಲೇ ಹಿಡಿದು ಮಾರಲ್ಪಟ್ಟವರ ಸಂತತಿಯವರು ಅಲ್ಲಿ ೧೮೩೦ರ ದಶಕದಲ್ಲಿ ಬಿಡುಗಡೆ ಹೊಂದಿದ್ದರು; ಅವರಲ್ಲಿ ಅನೇಕರು ಮೊರೇವಿಯನ್ ಸಭೆಯಲ್ಲಿ ಓದುಬರಹವನ್ನೂ ಕೈಕಸಬನ್ನೂ ಕಲಿತಿದ್ದರು. ಜಮೇಕದಿಂದಲೂ ಆಂಟಿಗುವದಿಂದಲೂ ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು ಇಪ್ಪತ್ತನಾಲ್ಕು ಮಂದಿ ೧೮೪೩ರ ಏಪ್ರಿಲಿನಲ್ಲಿ ಬಂದರು. (ಅದೇ ವರ್ಷದ ಜುಲಾಯಿಯಲ್ಲಿ ನಮ್ಮ ಮಂಗಳೂರಿನಲ್ಲಿ ಮೊಗ್ಲಿಂಗ್ ಪಾದ್ರಿಗಳು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು.) ಇವರು ಬಂದ ಮೇಲೆಯೇ ಅಕ್ರೊಪಾಂಗಿನಲ್ಲಿ ಸಭೆಯು ಬೇರೂರಿತೆಂದು ಹೇಳಬಹುದು. ಅಜ್ಜಂದಿರನ್ನು ಸಂಕೋಲೆಯಲ್ಲಿ ಒಯ್ದ ದಾರಿಯಲ್ಲಿಯೇ ಮೊಮ್ಮಕ್ಕಳು ಪುಸ್ತಕವನ್ನು ಹಿಡಿದುಕೊಂಡು ತಿರುಗಿ ಬಂದರು. ಅವರು ತಂದು ನೆಟ್ಟ ಗಿಡಗಳಲ್ಲಿ ಮಾವಿನ ಮರವೂ ಒಂದು. ನಮ್ಮ ಹಿಂದುಸ್ಥಾನದ ಮಾವು ವೆಸ್ಟ್ ಇಂಡೀಸನ್ನು ಸುತ್ತಿ ಆಫ್ರಿಕದ ಮಿಶನ್ ಕೇರಿಗೆ ನೆರಳಾದದ್ದನ್ನು ಕೇಳಿದಾಗ ನಮ್ಮ ಹುಡುಗಿಯರಿಗೆ ಬಹಳ ಸಂತೋಷವಾಯಿತು.

ಈ ಗುಂಪಿನಲ್ಲಿ ಕ್ಯಾಥರೀನ್ ಮಲ್‌ಗ್ರೇವ್ ಎಂಬ ಯುವತಿಯಿದ್ದಳು. ಹುಡುಗಿಯರ ಶಾಲೆಯಲ್ಲಿ ಕೆಲಸ ಮಾಡುವ ನಮಗೆ ಈಕೆಯ ಕಥೆಯೇ ಎಲ್ಲಕ್ಕಿಂತ ಮುಖ್ಯವಾದದ್ದಾಗಿ ತೋರುತ್ತದೆ. ಅಂಗೋಲ ದೇಶದ ಕರಾವಳಿಯಲ್ಲಿ ಹುಟ್ಟಿದ ಈಕೆಯನ್ನು ಚಿಕ್ಕಂದಿನಲ್ಲಿಯೇ ಗುಲಾಮರ ವ್ಯಾಪಾರಿಗಳು ಕದ್ದು ಹಡಗಿಗೆ ಹಾಕಿದರು. ೧೮೩೩ರಲ್ಲಿ ಆ ಹಡಗು ಜಮೇಕದ ಬಳಿಯಲ್ಲಿ ಒಡೆದುಹೋಯಿತು. ಬದುಕಿ ಉಳಿದ ಈ ಮಗುವನ್ನು ಅಲ್ಲಿಯ ಗವರ್ನರರಾದ ಮಲ್‌ಗ್ರೇವ್ ಪ್ರಭುಗಳ ಮನೆಯವರು ಆಶ್ರಯಕೊಟ್ಟು ಸಾಕಿ, ತಮ್ಮ ಹೆಸರನ್ನೇ ಇಟ್ಟರು. ಆಕೆಯು ಉಪಾಧ್ಯಾಯಿನಿಯ ಕೆಲಸಕ್ಕೆ ತರಬೇತಿ ಹೊಂದಿ, ಗಂಡನಾದ ಜಾರ್ಜ್ ಥಾಂಪ್ಸನ್ ಎಂಬವನ ಸಂಗಡ ಚಿನ್ನದ ಕರಾವಳಿಗೆ ಬಂದು, ಕ್ರಿಶ್ಚಿಯನ್ಸ್‌ಬೋರ್ಗಿನಲ್ಲಿ ಹುಡುಗಿಯರಿಗೆ ಪಾಠ ಹೇಳತೊಡಗಿದಳು. ಆ ಮದುವೆಯು ಮುರಿದುಬಿತ್ತು. ೧೮೫೧ರಲ್ಲಿ ಯೋಹಾನ್ನೆಸ್ ಚಿಮ್ಮರ್‌ಮನ್ ಎಂಬ ಜರ್ಮನ್ ಮಿಶನರಿಯು ಬಾಸೆಲಿನ ಮೇಲಧಿಕಾರಿಗಳ ಅಪ್ಪಣೆಗೆ ಕಾಯದೆ ಆಕೆಯನ್ನು ಮದುವೆಯಾದನು. ಅಲ್ಲಿ ದೊಡ್ಡ ಗದ್ದಲವಾಯಿತು. ಆದರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ಚಿಮ್ಮರ್‌ಮನ್ನನು ಗಾ ಭಾಷೆಗೆ ವ್ಯಾಕರಣವನ್ನು ಬರೆದು, ೧೮೬೬ರಲ್ಲಿ ಸಂಪೂರ್ಣ ಸತ್ಯವೇದವನ್ನು ಆ ಭಾಷೆಯಲ್ಲಿ ಹೊರಡಿಸಿದನೆಂದು ಪುಸ್ತಕಗಳಲ್ಲಿದೆ. ಆ ವರ್ಷಗಳಲ್ಲೆಲ್ಲ ಮನೆಯಲ್ಲಿ ಮಕ್ಕಳನ್ನೂ ಶಾಲೆಯಲ್ಲಿ ಹುಡುಗಿಯರನ್ನೂ ನೋಡಿಕೊಂಡು, ಊರಿನ ಹೆಂಗಸರ ಮಾತನ್ನು ಗಂಡನಿಗಿಂತ ಹತ್ತಿರದಿಂದ ಕೇಳುತ್ತಿದ್ದವಳು ಕ್ಯಾಥರೀನಳು. ಆಕೆ ೧೮೯೧ರಲ್ಲಿ ಅಲ್ಲಿಯೇ ತೀರಿಕೊಂಡಳು.

ಅಕ್ರೊಪಾಂಗಿನಲ್ಲಿ ರೋಸೀನೆ ವಿಡ್‌ಮನ್ ಎಂಬವಳು ೧೮೪೭ರಲ್ಲಿ ಮದುಮಗಳಾಗಿ ಬಂದಿಳಿದು, ಹುಡುಗಿಯರ ಶಾಲೆಯನ್ನು ಕೈಗೊಂಡಳು. ಮೆಥೊಡಿಸ್ಟರ ಕಡೆಯಲ್ಲಿ ೧೮೩೬ರಲ್ಲಿಯೇ ಹ್ಯಾರಿಯೆಟ್ ರಿಗ್ಲಿ ಎಂಬ ಮಿಶನರಿಯ ಹೆಂಡತಿಯು ಕೇಪ್ ಕೋಸ್ಟಿನಲ್ಲಿ ಕೆಲವು ಹುಡುಗಿಯರನ್ನು ಕೂಡಿಸಿಕೊಂಡು ಓದುವದನ್ನೂ ಹೊಲಿಗೆಯನ್ನೂ ಕಲಿಸಿದ್ದಳು. ಆಕೆ ಬದುಕಿದ್ದು ಕೆಲವೇ ತಿಂಗಳು. ಶಾಲೆಯು ಮಾತ್ರ ಬದುಕಿ, ವೆಸ್ಲಿ ಹುಡುಗಿಯರ ಹೈಸ್ಕೂಲ್ ಎಂಬ ಹೆಸರಿನಿಂದ ಆ ದೇಶದ ಅತ್ಯಂತ ಪ್ರಸಿದ್ಧವಾದ ವಿದ್ಯಾಶಾಲೆಗಳಲ್ಲಿ ಒಂದಾಗಿದೆ.

ಭಾಷೆಯ ಕೆಲಸದ ವಿಷಯ ಇನ್ನಷ್ಟು ಹೇಳಬೇಕು. ಕಿಟ್ಟೆಲ್ ಪಾದ್ರಿಗಳು ನಮ್ಮ ದೇಶಕ್ಕೆ ಬಂದ ೧೮೫೩ರಲ್ಲಿಯೇ ಅದೇ ಬಾಸೆಲಿನಿಂದ ಯೋಹಾನ್ ಗಾಟ್‌ಲೀಬ್ ಕ್ರಿಸ್ಟಾಲ್ಲರ್ ಎಂಬವರು ಅಕ್ರೊಪಾಂಗಿಗೆ ಹೋದರು. ಇಬ್ಬರ ಸ್ವಭಾವವೂ ಒಂದೇ ಎರಕದ್ದೆನ್ನಬೇಕು. ಕ್ರಿಸ್ಟಾಲ್ಲರರ ಸತ್ಯವೇದದ ಭಾಷಾಂತರವು ೧೮೭೧ರಲ್ಲಿ ಪೂರ್ಣವಾಗಿ ಅಚ್ಚಾಯಿತು. ೧೮೭೫ರಲ್ಲಿ ವ್ಯಾಕರಣ, ೧೮೭೯ರಲ್ಲಿ ಮೂರು ಸಾವಿರದ ಆರು ನೂರು ಗಾದೆಗಳ ಸಂಗ್ರಹ, ೧೮೮೧ರಲ್ಲಿ ನಿಘಂಟು. ನಮ್ಮ ಕಿಟ್ಟೆಲ್ ನಿಘಂಟು ಬಂದದ್ದು ೧೮೯೪ರಲ್ಲಿ. ಟ್ವಿ ಭಾಷೆಯು ಸ್ವರದ ಏರಿಳಿತದಿಂದ ಅರ್ಥವು ಬದಲಾಗುವ ಭಾಷೆ. ಒಂದೇ ಅಕ್ಷರವನ್ನು ಮೇಲಿನ ಧ್ವನಿಯಲ್ಲಿ ಹೇಳಿದರೆ ಒಂದು, ಕೆಳಗಿನ ಧ್ವನಿಯಲ್ಲಿ ಹೇಳಿದರೆ ಇನ್ನೊಂದು. ಅದಕ್ಕೆ ಬರಹವೇ ರೂಢಿಯಲ್ಲಿರಲಿಲ್ಲ. ನಮ್ಮಲ್ಲಿ ಕಿಟ್ಟೆಲರಿಗೆ ಪಂಪ, ಕೇಶಿರಾಜರ ಗ್ರಂಥಗಳು ಕೈಗೆ ಸಿಕ್ಕಿದವು. ಕ್ರಿಸ್ಟಾಲ್ಲರರಿಗೆ ಜನರ ಬಾಯಿಯ ಹೊರತು ಬೇರೆ ಗ್ರಂಥಭಂಡಾರವಿಲ್ಲ. ಆ ಬಾಯಿಗಳು ಯಾರವು? ದಾವೀದ್ ಅಸಾಂಟೆ, ಥಿಯೋಫಿಲಸ್ ಒಪೊಕು ಮೊದಲಾದ ಅಲ್ಲಿಯ ಯೌವನಸ್ಥರವು. ಅಸಾಂಟೆಯು ಬಾಸೆಲಿಗೆ ಹೋಗಿ ಓದಿ, ೧೮೬೪ರಲ್ಲಿ ಬೋಧಕನಾಗಿ ದೀಕ್ಷೆ ಹೊಂದಿದನು. ಇದನ್ನು ಓದುವಾಗ, ೧೮೪೬ರಲ್ಲಿ ಮಂಗಳೂರಿನಿಂದ ಬಾಸೆಲಿಗೆ ಹೋಗಿ ೧೮೫೧ರಲ್ಲಿ ದೀಕ್ಷೆ ಹೊಂದಿ ತಿರುಗಿ ಬಂದ ಆನಂದರಾವ್ ಕೌಂಡಿನ್ಯರ ನೆನಪಾಗದೆ ಇರದು. ಮಂಗಳೂರಿನ ಬ್ರಾಹ್ಮಣ ಮನೆಯಿಂದ ಹೊರಟವನು ಮುಂದಾಗಿ, ಅಕ್ರೊಪಾಂಗಿನ ಅರಸು ಮನೆತನದ ನಂಟುಳ್ಳವನು ಹಿಂದಾಗಿ, ಒಂದೇ ವಿದ್ಯಾಲಯದ ಬೆಂಚುಗಳ ಮೇಲೆ ಕುಳಿತರು.

ಆಕಾನ್ ಜನರು ದೇವರನ್ನು ಮೊದಲಿನಿಂದಲೂ ಒನ್ಯಾಮೆ ಅಥವಾ ಒನ್ಯಾಂಕೊಪೊನ್ ಎಂದು ಕರೆಯುತ್ತಿದ್ದರು. ಸತ್ಯವೇದದ ಭಾಷಾಂತರದಲ್ಲಿ ಇದೇ ಹೆಸರನ್ನು ಉಳಿಸಿದರು. ಆ ಜನರ ಎಣಿಕೆಯಲ್ಲಿ ದೇವರ ವಾರ ಶನಿವಾರ; ಆದದರಿಂದ ಶನಿವಾರ ಹುಟ್ಟಿದವನ ಹೆಸರಾದ ಕ್ವಾಮೆ ಎಂಬದು ದೇವರಿಗೂ ಉಂಟು. ಅಲ್ಲಿ ಪ್ರತಿಯೊಂದು ಮಗುವಿಗೂ ಹುಟ್ಟಿದ ವಾರದ ಮೇಲಿಂದ ಹೆಸರು ಬರುತ್ತದೆ: ಆದಿತ್ಯವಾರ ಹುಟ್ಟಿದ ಹುಡುಗಿ ಅಕೊಸುವಾ, ಸೋಮವಾರದವಳು ಅಜ್ವೊವಾ, ಮಂಗಳವಾರ ಅಬೆನಾ, ಬುಧವಾರ ಅಕುವಾ, ಗುರುವಾರ ಯಾ, ಶುಕ್ರವಾರ ಅಫುವಾ, ಶನಿವಾರ ಅಮಾ. ಇದು ನಮಗೆ ಹೊಸತೇ? ನಮ್ಮ ತುಳುನಾಡಿನಲ್ಲಿ ಐತ, ಸೋಮ, ಅಂಗಾರ, ಬೂದ, ಗುರುವ, ತುಕ್ರ, ತನಿಯ ಎಂಬ ಹೆಸರುಗಳು ಇದೇ ರೀತಿಯಲ್ಲಿ ಹುಟ್ಟಿದವಲ್ಲವೇ? ಒಂದು ಭೇದವುಂಟು. ನಮ್ಮಲ್ಲಿ ಈ ಹೆಸರುಗಳು ಬಡವರ ಗುಡಿಸಲುಗಳಲ್ಲಿಯೇ ಹೆಚ್ಚಾಗಿದ್ದು, ಸ್ನಾನದೀಕ್ಷೆಯ ಸಮಯದಲ್ಲಿ ನಾಚಿಕೆಯಿಂದ ಬಿಡಲ್ಪಟ್ಟವು. ಅಲ್ಲಿ ಅರಸನಿಗೂ ಅದೇ ಹೆಸರು, ಕೂಲಿಯವನಿಗೂ ಅದೇ. ಕ್ರೈಸ್ತರು ದೀಕ್ಷೆಯ ಹೆಸರಿನ ಜತೆಗೆ ಅದನ್ನೂ ಇಟ್ಟುಕೊಂಡಿದ್ದಾರೆ. ಈಗ ಅನೇಕ ಸಭೆಗಳಲ್ಲಿ ಕಾಣಿಕೆಯನ್ನು ಎತ್ತುವದು ಕೂಡ ವಾರದ ಮೇಲೆಯೇ. ಸೋಮವಾರದವರೆಲ್ಲರೂ ಒಟ್ಟಾಗಿ, ಮಂಗಳವಾರದವರೆಲ್ಲರೂ ಒಟ್ಟಾಗಿ ಹಾಡುತ್ತ ಕುಣಿಯುತ್ತ ಮುಂದಕ್ಕೆ ಬಂದು ಪೆಟ್ಟಿಗೆಗೆ ಹಾಕುತ್ತಾರೆ. ಕಡೆಗೆ ಯಾವ ವಾರದವರು ಹೆಚ್ಚು ಕೊಟ್ಟರೆಂದು ಸಭೆಯ ಮುಂದೆ ಓದುತ್ತಾರೆ. ಪೈಪೋಟಿಯಿಂದ ಕೊಟ್ಟ ಕಾಣಿಕೆಯು ನಮ್ಮ ಮನಸ್ಸಿಗೆ ಪೂರಾ ಒಪ್ಪುವದಿಲ್ಲ. ಆದರೂ ನಮ್ಮ ಆದಿತ್ಯವಾರದ ಚೀಲವು ಎಷ್ಟು ಬಾಡಿದ ಮುಖಗಳ ಮುಂದೆ ಹಾದುಹೋಗುತ್ತದೆಂದು ನೆನಸಿದರೆ ಸುಮ್ಮನಿರಬೇಕಾಗುತ್ತದೆ.

ಇನ್ನು ಮನೆಯ ವ್ಯವಸ್ಥೆ. ಆಕಾನ್ ಜನರಲ್ಲಿ ನಮ್ಮ ಅಳಿಯಸಂತಾನದಂತೆ ತಾಯಿಯ ಕಡೆಯ ಕುಟುಂಬವೇ ಮುಖ್ಯ. ಗಂಡಸು ಸತ್ತರೆ ಅವನ ಆಸ್ತಿಯು ಅಕ್ಕತಂಗಿಯರ ಮಕ್ಕಳ ಕಡೆಗೆ ಹೋಗುತ್ತದೆ. ಮದುವೆಯಾದ ಮೇಲೆ ಗಂಡಹೆಂಡಿರು ಕೂಡಿ ಕೊಕ್ಕೊ ತೋಟವನ್ನು ಬೆಳೆಸುತ್ತಿದ್ದರು. (ಆ ದೇಶಕ್ಕೆ ಕೊಕ್ಕೊವನ್ನು ರೂಢಿಗೆ ತಂದವನೆಂದು ಹೆಸರಾದ ಟೆಟ್ಟೆ ಕ್ವಾಶಿಯು ಬಾಸೆಲಿನವರ ಕಮ್ಮಾರಶಾಲೆಯಲ್ಲಿ ಕಸಬು ಕಲಿತವನು; ೧೮೭೯ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಬೀಜವನ್ನು ತಂದನು.) ಗಂಡನು ಸತ್ತ ಮರುದಿನವೇ ಅಳಿಯಂದಿರು ಬಂದು ತೋಟವು ತಮ್ಮದೆಂದು ಹೇಳಿದರೆ ವಿಧವೆಯ ಗತಿ ಏನು? ಇದಕ್ಕಾಗಿ ಬಾಸೆಲ್ ಸಭೆಯವರು ಮೂರು ಪಾಲುಗಳ ನಿಯಮವನ್ನು ಮಾಡಿದರು: ಸತ್ತವನ ಆಸ್ತಿಯಲ್ಲಿ ಒಂದು ಪಾಲು ಹೆಂಡತಿಗೆ, ಒಂದು ಮಕ್ಕಳಿಗೆ, ಒಂದು ತಾಯಿಯ ಕುಟುಂಬಕ್ಕೆ. ಸಭೆಯ ನಿಯಮವು ಸರಕಾರದ ಕಾನೂನಲ್ಲವಾದದರಿಂದ ಎಷ್ಟೋ ಕುಟುಂಬಗಳು ಇದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಕಡೆಗೆ ೧೯೮೫ರಲ್ಲಿ ಸರಕಾರವೇ ಉಯಿಲಿಲ್ಲದೆ ಸತ್ತವರ ಆಸ್ತಿಯಲ್ಲಿ ಹೆಂಡತಿ ಮಕ್ಕಳಿಗೆ ಹೆಚ್ಚಿನ ಪಾಲು ಕೊಡುವ ಕಾನೂನನ್ನು ಮಾಡಿತು.

ಆದರೆ ಅದೇ ಸಭೆಯು ಹೆಂಗಸರಿಗೆ ಮಾಡಿದ ಅನ್ಯಾಯವನ್ನು ಮುಚ್ಚಿಡಬಾರದು. ಹಲವು ಹೆಂಡಿರುಳ್ಳವನು ದೀಕ್ಷೆ ಹೊಂದಬೇಕಾದರೆ ಒಬ್ಬಳನ್ನು ಇಟ್ಟುಕೊಂಡು ಉಳಿದವರನ್ನು ಬಿಡಬೇಕೆಂದು ವಿಧಿಸಿದರು. ಗಂಡನಿಗೆ ದೀಕ್ಷೆಯಾಯಿತು, ಬಿಡಲ್ಪಟ್ಟವಳಿಗೆ ಏನಾಯಿತು? ಯಾವ ತಪ್ಪನ್ನೂ ಮಾಡದೆ, ಊರಿನ ರೂಢಿಯ ಪ್ರಕಾರ ಮದುವೆಯಾದ ಹೆಂಗಸು, ಗಂಡನ ನಂಬಿಕೆಗೆ ಬೆಲೆಯನ್ನು ತಾನು ತೆರಬೇಕಾಯಿತು. ಏಕಪತ್ನೀವ್ರತವು ಒಳ್ಳೆಯದೆಂಬದರಲ್ಲಿ ನಮಗೆ ಸಂದೇಹವಿಲ್ಲ. ಆದರೂ ಈ ಪ್ರಶ್ನೆಗೆ ನಾವು ಓದಿದ ಯಾವ ಉತ್ತರದಿಂದಲೂ ನಮ್ಮ ಮನಸ್ಸು ತೃಪ್ತಿಹೊಂದಿಲ್ಲ.

ಕ್ರೈಸ್ತರಾದವರು ಹಳೆಯ ಊರನ್ನು ಬಿಟ್ಟು ಸಾಲೇಮ್ ಎಂಬ ಬೇರೆ ಕೇರಿಯಲ್ಲಿ ವಾಸಿಸುತ್ತಿದ್ದರು. ಕಲ್ಲಿನ ಗೋಡೆಯ ಮನೆಗಳು, ನೇರವಾದ ಬೀದಿ, ನಡುವೆ ಗಂಟೆ, ಶಾಲೆ, ಹಿರಿಯರ ಆಡಳಿತ. ನಮ್ಮ ಮಿಶನ್ ಕಂಪೌಂಡುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಇದರಿಂದ ಶಿಸ್ತು ಬಂತು, ಓದುಬರಹ ಬಂತು. ಜತೆಗೆ ಅಣ್ಣತಮ್ಮಂದಿರ ನಡುವೆ ಗೋಡೆಯೂ ಬಂತು. ಊರಿನ ಡೋಲು, ಕುಣಿತ, ಹಬ್ಬ, ಎಲ್ಲವೂ ಅಜ್ಞಾನಕ್ಕೆ ಸೇರಿದವೆಂದು ತಳ್ಳಲ್ಪಟ್ಟವು. ಅಕ್ರೊಪಾಂಗಿನ ತರಬೇತಿ ಶಾಲೆಯಲ್ಲಿ (ಇದು ೧೮೪೮ರಲ್ಲಿ ಸ್ಥಾಪಿತವಾದದ್ದು) ಸಂಗೀತವನ್ನು ಕಲಿಸುತ್ತಿದ್ದ ಎಫ್ರಾಯೀಮ್ ಅಮು ಎಂಬವರು, ತಮ್ಮ ಜನರ ರಾಗತಾಳಗಳಲ್ಲಿ ಕೀರ್ತನೆಗಳನ್ನು ಕಟ್ಟಿ, ಕೋಟು ಇಜಾರಗಳನ್ನು ಬಿಟ್ಟು ದೇಶದ ಬಟ್ಟೆಯನ್ನು ಹೊದ್ದು ಪ್ರಸಂಗಕ್ಕೆ ನಿಂತರು. ಅದೇ ಮುಖ್ಯ ಕಾರಣವಾಗಿ ೧೯೩೩ರಲ್ಲಿ ಅವರನ್ನು ಕೆಲಸದಿಂದ ಬಿಡಿಸಿದರು. ಬಿಡಿಸಿದವರಲ್ಲಿ ಬಿಳಿಯರಿಗಿಂತ ಅಲ್ಲಿಯ ಸಭೆಯ ಹಿರಿಯರದೇ ಒತ್ತಾಯ ಹೆಚ್ಚಾಗಿತ್ತೆಂಬದು ಯೋಚಿಸತಕ್ಕ ಮಾತು. ಅಮು ೧೯೯೫ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಕೀರ್ತನೆಗಳನ್ನು ಹಾಡದ ಸಭೆಯೇ ಆ ದೇಶದಲ್ಲಿರಲಿಲ್ಲವೆನ್ನಬಹುದು.

ಅಶಾಂಟಿ ರಾಜ್ಯದೊಳಗೆ ಸುವಾರ್ತೆಯು ಹೋದ ಬಗೆಯೂ ಸರಳವಲ್ಲ. ೧೮೬೯ರಲ್ಲಿ ಅಶಾಂಟಿ ಸೈನ್ಯವು ಮಿಶನರಿ ರಾಮ್‌ಸೈಯರನನ್ನೂ ಅವನ ಹೆಂಡತಿ ರೋಸಾಳನ್ನೂ ಎಳೆಯ ಕೂಸಿನೊಂದಿಗೆ ಸೆರೆಹಿಡಿಯಿತು. ಕೂಸು ದಾರಿಯ ಕಷ್ಟದಿಂದ ಸತ್ತಿತು. ಗಂಡಹೆಂಡಿರು ೧೮೭೪ರ ತನಕ ಸೆರೆಯಲ್ಲಿದ್ದರು. ಬಿಡುಗಡೆಯಾದ ಮೇಲೂ ಅದೇ ಜನರ ಬಳಿಗೆ ಹೋಗಬೇಕೆಂದು ಕಾದು, ೧೮೯೬ರಲ್ಲಿ ಕುಮಾಸಿಗೆ ತಿರುಗಿ ಬಂದರು. ಈ ತಾಳ್ಮೆಯನ್ನು ಮೆಚ್ಚದವರು ಯಾರು? ಆದರೆ ಅವರು ಬಂದದ್ದು ಬ್ರಿಟಿಷ್ ಸೈನ್ಯವು ಅಶಾಂಟಿ ಅರಸನನ್ನು ಹಿಡಿದೊಯ್ದ ವರ್ಷದಲ್ಲಿ. ಬಂದೂಕಿನ ಹಿಂದೆ ಸತ್ಯವೇದವು ಬಂತೆಂದು ಅಶಾಂಟಿಯವರು ಭಾವಿಸಿದರೆ ಅವರನ್ನು ದೂರುವ ಹಾಗಿಲ್ಲ.

ಮೆಥೊಡಿಸ್ಟರ ಸಭೆಯು ಮಿಶನರಿಗಳು ಬರುವದಕ್ಕೆ ಮೊದಲೇ ಹುಟ್ಟಿತು. ಕೇಪ್ ಕೋಸ್ಟಿನ ಕೋಟೆಶಾಲೆಯಲ್ಲಿ ಕಲಿತ ಕೆಲವು ಫಾಂಟೆ ಯೌವನಸ್ಥರು ಸತ್ಯವೇದವನ್ನು ಓದುವ ಸಂಘವನ್ನು ಮಾಡಿಕೊಂಡು, ಪುಸ್ತಕಗಳು ಬೇಕೆಂದು ಕೇಳಿಕೊಂಡರು. ೧೮೩೫ರಲ್ಲಿ ಬಂದ ಜೋಸೆಫ್ ಡನ್‌ವೆಲ್ ಆರು ತಿಂಗಳಲ್ಲಿ ತೀರಿಹೋದನು. ೧೮೩೮ರಲ್ಲಿ ಬಂದ ಥಾಮಸ್ ಬರ್ಚ್ ಫ್ರೀಮನ್ ಎಂಬವನ ತಂದೆ ಆಫ್ರಿಕದವನು, ತಾಯಿ ಇಂಗ್ಲಿಷಿನವಳು. ಇವನು ೧೮೯೦ರ ತನಕ ಬದುಕಿ ಆ ಸಭೆಯನ್ನು ಕಟ್ಟಿದನು. ಎವೆ ಜನರಲ್ಲಿ ೧೮೪೭ರಿಂದ ಬ್ರೆಮೆನ್ ಮಿಶನಿನವರು ಕೆಲಸ ಮಾಡಿದರು. ರೋಮನ್ ಕಥೋಲಿಕರ ಪಾದ್ರಿಗಳಿಬ್ಬರು ೧೮೮೦ರಲ್ಲಿ ಎಲ್ಮೀನಾಕ್ಕೆ ಬಂದು, ಮೂರು ವರ್ಷಗಳಲ್ಲಿ ಕನ್ಯಾಸ್ತ್ರೀಯರನ್ನೂ ಕರೆಸಿಕೊಂಡರು.

ಮೊದಲನೆಯ ಮಹಾಯುದ್ಧದಲ್ಲಿ ನಮ್ಮ ಕಡೆಯ ಜರ್ಮನ್ ಮಿಶನರಿಗಳಿಗೆ ಆದಂತೆಯೇ ಅಲ್ಲಿಯವರಿಗೂ ಆಯಿತು. ೧೯೧೭ರ ಡಿಸೆಂಬರಿನಲ್ಲಿ ಬಾಸೆಲಿನವರೆಲ್ಲರನ್ನೂ ಸರಕಾರವು ದೇಶದಿಂದ ಹೊರಡಿಸಿತು. ಸ್ಕಾಟ್ಲೆಂಡಿನ ಮಿಶನರಿಗಳು ಸಹಾಯಕ್ಕೆ ಬಂದರಾದರೂ ಅವರು ಬಹು ಕಡಿಮೆ ಮಂದಿ. ಸಭೆಯು ಬಿದ್ದುಹೋಗಲಿಲ್ಲ. ೧೯೧೮ರಲ್ಲಿ ಮೊದಲನೆಯ ಸಿನೋಡ್ ಕೂಡಿತು. ಅದರ ಮೊದಲನೆಯ ಅಧ್ಯಕ್ಷರು ಪೀಟರ್ ಹಾಲ್, ಕಾರ್ಯದರ್ಶಿಯು ನಿಕೊಲಾಸ್ ತಿಮೊಥಿ ಕ್ಲಾರ್ಕ್. ಇಬ್ಬರೂ ೧೮೪೩ರಲ್ಲಿ ಜಮೇಕದಿಂದ ಬಂದವರ ಮಕ್ಕಳು.

ಇದಕ್ಕೆ ಸ್ವಲ್ಪ ಮೊದಲು, ೧೯೧೪ರಲ್ಲಿ, ಲೈಬೀರಿಯದ ವಿಲಿಯಮ್ ವೇಡ್ ಹ್ಯಾರಿಸ್ ಎಂಬವನು ಬಿಳಿ ನಿಲುವಂಗಿಯನ್ನು ತೊಟ್ಟು, ಶಿಲುಬೆಯ ಕೋಲು, ಸೋರೆಬುರುಡೆ, ಸತ್ಯವೇದ ಇವುಗಳನ್ನು ಹಿಡಿದುಕೊಂಡು ಬರಿಗಾಲಿನಿಂದ ಪಶ್ಚಿಮದ ಊರುಗಳಲ್ಲಿ ಸಾರುತ್ತ ಬಂದನು. ಯಾವ ಮಿಶನಿನ ಸಂಬಳವೂ ಅವನಿಗಿರಲಿಲ್ಲ. ಸಾವಿರಾರು ಜನರು ವಿಗ್ರಹಗಳನ್ನು ಸುಟ್ಟು ಅವನಿಂದ ದೀಕ್ಷೆ ಹೊಂದಿದರು. ಇಂಥವರ ಹಿಂದೆ ಹುಟ್ಟಿದ ಸಭೆಗಳನ್ನು ಅಲ್ಲಿ ಸುನ್ಸುಮ್ ಸೊರೆ, ಅಂದರೆ ಆತ್ಮದ ಸಭೆಗಳು, ಎನ್ನುತ್ತಾರೆ. ರೋಗಶಾಂತಿ, ದರ್ಶನ, ಡೋಲು, ಚಪ್ಪಾಳೆ, ಇವು ಅವುಗಳ ಗುರುತುಗಳು. ಹನ್ನೆರಡು ಅಪೊಸ್ತಲರ ಸಭೆಯೆಂಬದನ್ನು ಹುಟ್ಟಿಸಿದವರಲ್ಲಿ ಗ್ರೇಸ್ ಟಾನಿ ಎಂಬ ಹೆಂಗಸು ಒಬ್ಬಳು. ದೊಡ್ಡ ಸಭೆಗಳಲ್ಲಿ ಹೆಂಗಸರು ಪ್ರಸಂಗಪೀಠವನ್ನು ಏರುವದಕ್ಕೆ ದಶಕಗಳ ಮುಂಚೆಯೇ ಈಕೆ ಜನರ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಿದ್ದಳು. ೧೯೩೭ರಲ್ಲಿ ಬಂದ ಜೇಮ್ಸ್ ಮಕ್ಯೋನ್ ಎಂಬವರ ಕೆಲಸದಿಂದ ಬೆಳೆದ ಪೆಂತೆಕೊಸ್ತ್ ಸಭೆಯು ಈಗ ದೇಶದ ಅತಿ ದೊಡ್ಡ ಸಭೆಗಳಲ್ಲೊಂದು. ೨೦೨೧ರ ಜನಗಣತಿಯ ಪ್ರಕಾರ ಘಾನಾದ ಮೂರು ಕೋಟಿ ಎಂಟು ಲಕ್ಷ ಜನರಲ್ಲಿ ನೂರಕ್ಕೆ ೭೧ ಮಂದಿ ಕ್ರೈಸ್ತರು, ಸುಮಾರು ೨೦ ಮಂದಿ ಮುಸಲ್ಮಾನರು. ಕ್ರೈಸ್ತರಲ್ಲಿ ಪೆಂತೆಕೊಸ್ತಿನವರೇ ಹೆಚ್ಚು, ಜನಸಂಖ್ಯೆಯಲ್ಲಿ ನೂರಕ್ಕೆ ೩೧ಕ್ಕಿಂತಲೂ ಮೇಲೆ. ಹಳೆಯ ಪ್ರಾಟೆಸ್ಟಂಟ್ ಸಭೆಗಳವರು ೧೭, ಕಥೋಲಿಕರು ೧೦.

ಹೊಸ ಸಭೆಗಳ ಧ್ವನಿವರ್ಧಕಗಳ ವಿಷಯದಲ್ಲಿ ನಮಗೆ ಪ್ರೀತಿಯಿಲ್ಲ. ಅಕ್ರಾ ಪಟ್ಟಣದಲ್ಲಿ ಗಾ ಜನರು ವರ್ಷಕ್ಕೊಮ್ಮೆ ಹೊಮೊವೊ ಹಬ್ಬಕ್ಕೆ ಮುಂಚೆ ಮೂವತ್ತು ದಿನ ಡೋಲು ಬಾರಿಸದೆ ಮೌನವನ್ನು ಆಚರಿಸುತ್ತಾರೆ. ೧೯೯೮ರಿಂದ ಕೆಲವು ವರ್ಷ ಈ ಮೌನದ ದಿನಗಳಲ್ಲಿ ಹೊಸ ಸಭೆಗಳು ವಾದ್ಯಗಳನ್ನು ಬಾರಿಸಿದ್ದರಿಂದ ಹೊಡೆದಾಟಗಳಾದವು. ಹಿಂದೆ ಡೋಲು ಪಾಪವೆಂದದ್ದೂ ಕ್ರೈಸ್ತರೇ, ಈಗ ಡೋಲನ್ನು ನಿಲ್ಲಿಸೆವೆಂದದ್ದೂ ಕ್ರೈಸ್ತರೇ.

ಕಡೆಗೆ ಹಾಡಿನ ಒಂದು ಮಾತು. ಫಾಂಟೆ ಮೆಥೊಡಿಸ್ಟ್ ಸಭೆಗಳಲ್ಲಿ ಎಬಿಬಿನ್‌ದ್ವೊಮ್ ಎಂಬ ಹಾಡುಗಳುಂಟು. ಇವು ಪುಸ್ತಕದಲ್ಲಿ ಹುಟ್ಟಿದವುಗಳಲ್ಲ. ಓದು ಬಾರದ ಹೆಂಗಸರು ಕೇಳಿದ ವಾಕ್ಯವನ್ನು ತಮ್ಮ ರಾಗದಲ್ಲಿ ಕಟ್ಟಿ ಹಾಡಿದವುಗಳು. ಬೋಧಕನು ಪ್ರಸಂಗ ಮಾಡುತ್ತಿರುವಾಗ ಮುದುಕಿಯೊಬ್ಬಳು ಕುಳಿತಲ್ಲಿಂದಲೇ ಹಾಡನ್ನು ಎತ್ತುತ್ತಾಳೆ. ಸಭೆಯೆಲ್ಲವೂ ಉತ್ತರ ಹಾಡುತ್ತದೆ. ಬೋಧಕನು ಅದು ಮುಗಿಯುವ ತನಕ ಸುಮ್ಮನೆ ನಿಂತು ಕಾಯುತ್ತಾನೆ. ಕ್ವಾಹು ಸೀಮೆಯ ಅಫುವಾ ಕುಮಾ ಎಂಬವಳೂ ಓದು ಬಾರದವಳೇ. ತೋಟದ ಕೆಲಸ ಮಾಡಿಕೊಂಡು, ಊರಿನ ಹೆಂಗಸರಿಗೆ ಹೆರಿಗೆ ಮಾಡಿಸುತ್ತಿದ್ದಳು. ಅರಸರ ಮುಂದೆ ಹೊಗಳುಭಟರು ಹಾಡುವ ಬಿರುದುಗಳ ಧಾಟಿಯಲ್ಲಿ ಕರ್ತನನ್ನು ಸ್ತುತಿಸಿ ಆಕೆ ಮಾಡಿದ ಪ್ರಾರ್ಥನೆಗಳನ್ನು ಇತರರು ಬರೆದುಕೊಂಡು, ೧೯೮೦ರ ಸುಮಾರಿಗೆ ಟ್ವಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಪುಸ್ತಕವಾಗಿ ಹೊರಡಿಸಿದರು. ದೇವಜ್ಞಾನದ ದೊಡ್ಡ ವಿದ್ಯಾಲಯಗಳಲ್ಲಿ ಪಂಡಿತರು ಅದನ್ನು ಪಾಠವಾಗಿ ಓದಿಸುತ್ತಾರೆ. ಆಕೆ ಹುಟ್ಟಿದ ವಾರ ಯಾವದೆಂದು ನಮ್ಮ ಹುಡುಗಿಯರು ಹೆಸರಿನಿಂದಲೇ ಹೇಳಬಲ್ಲರು.